ಕಪಾಟಿನ ಬಾಗಿಲು ಕೂರಿಸುವ ದಿನ

ನಮ್ಮ ಊರಿನಲ್ಲಿ ಯಾರ ಮನೆಯ ಗೇಟಿಗಾದರೂ ಕೆಂಪು ಬಟ್ಟೆ ಕಟ್ಟಿದ್ದರೆ ಆ ಮನೆಯಲ್ಲಿ ಕಪಾಟಿಗೆ ಬಾಗಿಲು ಕೂರಿಸುತ್ತಿದ್ದಾರೆ ಎಂದು ಅರ್ಥ. ಸೊಪ್ಪು ಮಾರುವವಳು ಆ ಗೇಟಿನ ಮುಂದೆ ಕೂಗುವುದಿಲ್ಲ, ಮೆಂತ್ಯದ ಕಟ್ಟು ಒಂದು ದಂಟಿನ ಕಟ್ಟು ಒಂದು ಎತ್ತಿ ತೋರಿಸಿ, ಒಳಗಿನಿಂದ ತಲೆ ಅಲ್ಲಾಡಿದರೆ ಬುಟ್ಟಿ ಹೊತ್ತು ಮುಂದೆ ಹೋಗುತ್ತಾಳೆ. ಶಾಲೆಯ ಮಕ್ಕಳು ತುಟಿಯ ಮೇಲೆ ಬೆರಳಿಟ್ಟುಕೊಂಡು ದಾಟುತ್ತಾರೆ, ದಾಟಿದ ಮೇಲೆ ಎರಡರಷ್ಟು ಕಿರುಚಿಕೊಳ್ಳುತ್ತಾರೆ. ಬಡ್ಡಿ ವಸೂಲಿಗೆ ಬಂದವನು ಕೂಡ ಕೆಂಪು ಬಟ್ಟೆ ಕಂಡರೆ ನಾಳೆ ಬರುತ್ತೇನೆ ಎಂದು ಸನ್ನೆ ಮಾಡಿ ಹೊರಟುಬಿಡುತ್ತಾನೆ. ಹಾಗಾಗಿ ಕಪಾಟೇ ಇಲ್ಲದ ಕೆಲವರೂ ಆಗಾಗ ಬಟ್ಟೆ ಕಟ್ಟುವುದುಂಟು.

ಬಾಗಿಲು ಹಿಂಜು ಎಂಬ ತಿರುಗುವ ಕೀಲಿನ ಮೇಲೆ ಕೂತ ಗಳಿಗೆಯಿಂದ ಅದನ್ನು ಮೊದಲ ಸಲ ಮುಚ್ಚುವವರೆಗೆ ಕಪಾಟಿನ ಮುಂದೆ ಯಾರು ಏನು ಮಾತಾಡಿದರೂ ಅದು ಒಳಗೆ ಹೋಗಿ ಕೂತುಬಿಡುತ್ತದೆ. ಆಮೇಲೆ ಬಾಗಿಲು ತೆಗೆದಾಗಲೆಲ್ಲ ಅದೇ ದನಿ, ಅದೇ ಮಾತು. ಬೇರೆ ಊರಿನವರು ಬಂದರೆ ಇದು ಹೇಗೆ, ಯಾಕೆ ಎಂದು ಕೇಳುತ್ತಾರೆ. ನಿಮ್ಮ ಕಪಾಟುಗಳು ಸುಮ್ಮನೆ ಇರುತ್ತವಂತಲ್ಲ, ಕರೆಂಟು ಹೋದಾಗ ಯಾವುದು ತೆಗೆದಿರಿ ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ನಾವು ಅವರನ್ನು ಕೇಳುತ್ತೇವೆ. ಅಲ್ಲಿಗೆ ಆ ವಿಚಾರ ನಿಲ್ಲುತ್ತದೆ.

ಹಾಗೆಂದು ಎಲ್ಲರ ಮನೆಯ ಕಪಾಟುಗಳೂ ವೇದ ಹೇಳುತ್ತವೆ ಎಂದುಕೊಳ್ಳಬೇಡಿ. ನಮ್ಮ ಊರಿನ ಕಪಾಟುಗಳಲ್ಲಿ ಅತಿ ಹೆಚ್ಚು ಸಿಗುವ ಮಾತು ಯಾವುದು ಗೊತ್ತೇ? "ಷ್! ಯಾರೂ ಮಾತಾಡ್ಬೇಡಿ!" ಬಾಗಿಲು ಕೂತಾಗ ಎಲ್ಲರೂ ಬಾಯಿ ಬಿಗಿಹಿಡಿದು ನಿಂತಿರುತ್ತಾರೆ, ಮನೆಯಲ್ಲಿ ಒಬ್ಬ ಜಾಣ ಇದ್ದೇ ಇರುತ್ತಾನೆ, ಅವನು ಉಳಿದವರಿಗೆ ಬುದ್ಧಿ ಹೇಳುತ್ತಾನೆ. ಮುಗಿಯಿತು. ಡಾಕ್ಟರ ಶಾಪಿನ ಔಷಧಿ ಕಪಾಟು "ಅಯ್ಯಯ್ಯೋ ಸತ್ತೆ!" ಅನ್ನುತ್ತದೆ. ಬಾಗಿಲು ಕೂರಿಸಿದವನ ಬೆರಳು ಸಿಕ್ಕಿಹಾಕಿಕೊಂಡದ್ದು ಅಷ್ಟೇ, ಆದರೂ ಹೊಸ ರೋಗಿಗಳು ಅದನ್ನು ಕೇಳಿ ಮೆಲ್ಲಗೆ ಎದ್ದು ಹೋಗುತ್ತಾರೆ. ಬಾಡಿಗೆ ಮನೆಗಳ ಕಪಾಟುಗಳಲ್ಲಿ ಮಾಲೀಕರು ಬೇಕೆಂದೇ "ಗೋಡೆಗೆ ಮೊಳೆ ಹೊಡೀಬೇಡಿ" ಎಂದು ಹೇಳಿಸಿರುತ್ತಾರೆ. ಇನ್ನು ಕಂಪನಿ ನಾಟಕದಲ್ಲಿ ರಾಜನ ಪಾತ್ರ ಮಾಡುತ್ತಿದ್ದ ಒಬ್ಬರು ಊರಲ್ಲಿ ಇದ್ದರು, ಒಳ್ಳೆಯ ಕಂಠ. ಅನುಕೂಲಸ್ಥರು ಅವರನ್ನು ಕರೆಸಿ "ಬನ್ನಿ, ಬನ್ನಿ, ಸಂತೋಷ" ಎಂದು ಹೇಳಿಸಿಕೊಳ್ಳುತ್ತಿದ್ದರು. ಅದರಿಂದ, ಯಜಮಾನರು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಅಡುಗೆಮನೆಯಿಂದ ಗಂಡಸಿನ ದನಿ ಕೇಳಿದರೂ ನಮ್ಮ ಊರಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಣ್ಣು ಕೊಡುವವರು ಮಾತ್ರ ಗಂಡಿನ ಮನೆಗೆ ಬಂದಾಗ ನೀರು ಕುಡಿಯುವ ನೆಪದಲ್ಲಿ ಒಂದೆರಡು ಕಪಾಟು ತೆಗೆದು ನೋಡಿಯೇ ಹೋಗುತ್ತಾರೆ.

ನಮ್ಮ ಅಪ್ಪನಿಗೆ ಅಂಥ ಬುದ್ಧಿ ಇರಲಿಲ್ಲ. ಅವರು ನೀರು ಕುಡಿದು, ಗಂಡಿನ ಕಡೆಯವರು ಒಳ್ಳೆಯವರು ಎಂದು ಬಂದುಬಿಟ್ಟರು. ನಾನು ಮದುವೆಯಾಗಿ ಬಂದ ಮರುದಿನ ಬೆಲ್ಲಕ್ಕೆಂದು ಅಡುಗೆಮನೆಯ ದೊಡ್ಡ ತೇಗದ ಕಪಾಟು ತೆಗೆದೆ. ಕಿವಿಯ ಪಕ್ಕದಲ್ಲೇ ಮಾವನವರು, "ಪಾರ್ವತೀ, ನಿಂಗೇನು ಗೊತ್ತಾಗುತ್ತೆ? ಸುಮ್ನಿರು!" ಎಂದರು. ನನ್ನ ಹೆಸರು ಶಶಿಕಲಾ. ಆದರೂ ನಾನು ಬೆಲ್ಲ ಕೈಬಿಟ್ಟೆ.

ಪಾರ್ವತಿ ನಮ್ಮ ಅತ್ತೆ. ಆ ಕಪಾಟು ಮಾಡಿಸಿದಾಗ ಅವರೂ ಆ ಮನೆಗೆ ಹೊಸ ಸೊಸೆ. ಬಡಗಿ ಬಾಗಿಲನ್ನು ತಪ್ಪು ಪಕ್ಕಕ್ಕೆ ಕೂರಿಸುತ್ತಿದ್ದಾನೆ, ಹೀಗಾದರೆ ಬಾಗಿಲು ತೆರೆದಾಗ ಕಿಟಕಿಗೆ ಅಡ್ಡ ಬಂದು ಒಲೆಯ ಹತ್ತಿರ ಕತ್ತಲಾಗುತ್ತದೆ ಎಂದು ಅವರಿಗೆ ಅನ್ನಿಸಿ, ಗಂಡನ ತೋಳು ಮುಟ್ಟಿ ಕಿಟಕಿಯ ಕಡೆ ಕೈ ತೋರಿಸಿದರಂತೆ. ಮಾವನವರು ಉತ್ತರ ಕೊಟ್ಟರು. ಬಾಗಿಲು ಆಗಲೇ ಕೂತಾಗಿತ್ತು. ಅಂದಿನಿಂದ ಆ ಕಪಾಟು ತೆಗೆದವರಿಗೆಲ್ಲ ಆ ಮಾತೂ ಕೇಳಿಸಿದೆ, ಒಲೆಯ ಮುಂದೆ ಕತ್ತಲೂ ಆಗಿದೆ.

ಮಾವನವರು ಇದ್ದಾಗ ಯಾವುದು ಅವರು, ಯಾವುದು ಕಪಾಟು ಎಂದು ನನಗೆ ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ. ಅವರು ಹೋದ ಮೇಲೆ ಕಪಾಟು ದೇವರಾಯಿತು. ನಮ್ಮವರು, ಅಂದರೆ ನನ್ನ ಗಂಡ ಮೃತ್ಯುಂಜಯ, ಪ್ರತಿ ವರ್ಷ ಅಪ್ಪನ ತಿಥಿಯ ದಿನ ಕಪಾಟಿಗೆ ವಿಭೂತಿ ಹಚ್ಚಿ ಸೇವಂತಿಗೆ ಹಾರ ಹಾಕುತ್ತಾರೆ. ಮಾವನವರ ತಂಗಿ ದಾಕ್ಷಾಯಣಮ್ಮನವರು ತಪ್ಪದೆ ಬಂದು, ಸೆರಗು ಕೈಯಲ್ಲಿ ಸಿದ್ಧವಾಗಿ ಹಿಡಿದುಕೊಂಡು ಬಾಗಿಲು ತೆಗೆಯುತ್ತಾರೆ. "ಪಾರ್ವತೀ, ನಿಂಗೇನು ಗೊತ್ತಾಗುತ್ತೆ?" ಎಂದ ಕೂಡಲೇ, "ನಮ್ಮಣ್ಣ ಅತ್ತಿಗೆನ ಎಷ್ಟು ಅಕ್ಕರೆಯಿಂದ ಕರೀತಾನೆ ನೋಡೇ!" ಎಂದು ಅಳುತ್ತಾರೆ. ಸಮಾಧಾನವಾಗದಿದ್ದರೆ ಮುಚ್ಚಿ ಮತ್ತೆ ತೆಗೆಯುತ್ತಾರೆ. ಅತ್ತೆ ಆ ಹೊತ್ತಿಗೆ ಹಿತ್ತಲಲ್ಲಿ ಏನೋ ಕೆಲಸ ಮಾಡಿಕೊಂಡಿರುತ್ತಾರೆ.

ಅಂಥ ಕಪಾಟಿಗೆ ಗೆದ್ದಲು ಹತ್ತಿತು. ಗೆದ್ದಲಿಗೆ ಅಪ್ಪ ಮಗ ಎಂಬ ಭಾವನೆ ಇಲ್ಲವಲ್ಲ. ಹಿಂದಿನ ಹಲಗೆ ಹಪ್ಪಳದ ಹಾಗೆ ಮುರಿಯುತ್ತಿತ್ತು, ಕೆಳಗಿನ ಅರೆಯಲ್ಲಿ ಇಟ್ಟ ರವೆಯಲ್ಲಿ ಮಣ್ಣು ಸಿಗುತ್ತಿತ್ತು. ನಾನು ವರ್ಷಗಟ್ಟಲೆ ಗೋಗರೆದು, ಮುನಿಸಿಕೊಂಡು, ಕೊನೆಗೆ ಮಣ್ಣಿನ ಉಪ್ಪಿಟ್ಟನ್ನೇ ಅವರಿಗೆ ಬಡಿಸಿ, ಹೊಸ ಮಾಡ್ಯುಲರ್ ಕಿಚನ್ನಿಗೆ ನಮ್ಮವರನ್ನು ಒಪ್ಪಿಸಿದೆ. ಅವರು ಒಂದು ಷರತ್ತು ಹಾಕಿದರು. ಹಳೆಯದು ಇದ್ದ ಜಾಗದಲ್ಲೇ ಹೊಸ ದೊಡ್ಡ ಕಪಾಟು ಬರಬೇಕು, ಅದರೊಳಗೆ ಅಪ್ಪನ ಮಾತೇ ಇರಬೇಕು.

ಕಿಚನ್ ಅಂಗಡಿಯಿಂದ ಅಳತೆಗೆ ಬಂದ ಮೌನೇಶಾಚಾರಿ ಇದಕ್ಕೇನೂ ಆಶ್ಚರ್ಯಪಡಲಿಲ್ಲ. "ಆಗುತ್ತೆ ಸಾರ್. ಹೊಸ ಬಾಗ್ಲು ಕೂತ ಮೇಲೆ ಹಳೇದನ್ನ ಅದರ ಎದುರಿಗೇ ತೆಗೀಬೇಕು. ಅದು ಹೇಳುತ್ತೆ, ಇದು ಹಿಡ್ಕೊಳ್ಳುತ್ತೆ. ಸ್ವಲ್ಪ ಮಬ್ಬಾಗುತ್ತೆ ಅಷ್ಟೇ. ಪೇಟೇಲಿ ಒಂದು ಮನೇಲಿ ಮುತ್ತಜ್ಜನ ಮಾತು ಹಾಗೇ ಇಳಿಸ್ಕೊಂಡು ಬಂದಿದ್ದಾರೆ. ಈಗ ಅದೇನು ಬೈಗುಳವೋ ಆಶೀರ್ವಾದವೋ ಗೊತ್ತಾಗಲ್ಲ, ಆದ್ರೂ ಕೈ ಮುಗೀತಾರೆ" ಎಂದರು. ನಮ್ಮವರಿಗೆ ಬಹಳ ಸಂತೋಷವಾಯಿತು. ಅಂಗಳದ ತುಳಸಿಗೆ ನೀರು ಹಾಕುತ್ತಿದ್ದ ಅತ್ತೆ ಚೆಂಬು ಹಿಡಿದು ಹಾಗೇ ನಿಂತಿದ್ದರು. ಕುಂಡ ತುಂಬಿ ನೀರು ಹರಿಯುತ್ತಿತ್ತು.

ಕಪಾಟು ಹಾಕಿಸುವವರು ತಿಳಿದಿರಬೇಕಾದದ್ದು ಏನೆಂದರೆ, ಮೊದಲು ಅಡುಗೆಮನೆಯನ್ನು ಪೂರ್ತಿ ಖಾಲಿ ಮಾಡಬೇಕು. ಇದು ಹೇಳುವಾಗ ಸುಲಭ. ನಮ್ಮದು ದೊಡ್ಡ ಅಡುಗೆಮನೆ ಎಂದು ನನಗೆ ಎಂದೂ ಅನ್ನಿಸಿರಲಿಲ್ಲ, ಅದರಲ್ಲಿದ್ದದ್ದು ಪಡಸಾಲೆಗೆ ಬಂದು ಸೋಫಾ ಮುಚ್ಚಿ, ಟಿವಿ ಮುಚ್ಚಿ, ನಮ್ಮವರು ಮಲಗುವ ಜಾಗಕ್ಕೂ ಬಂದ ಮೇಲೆ ಗೊತ್ತಾಯಿತು. ಮುಚ್ಚಳವಿಲ್ಲದ ಡಬ್ಬಗಳು ಒಂದು ಕಡೆ, ಡಬ್ಬವಿಲ್ಲದ ಮುಚ್ಚಳಗಳು ಇನ್ನೊಂದು ಕಡೆ, ಯಾವುದಕ್ಕೂ ಯಾವುದೂ ಹೊಂದುವುದಿಲ್ಲ. ಯಾರದೋ ಮದುವೆಯಲ್ಲಿ ಯಾರೋ ಕೊಟ್ಟ, ಹೆಸರು ಕೆತ್ತಿಸಿದ ಸ್ಟೀಲು ತಟ್ಟೆಗಳು ಮಂಚದ ಕೆಳಗೆ ಸೇರಿದವು. ಜಗಲಿಯ ಮೇಲೆ ಒಂದು ಒಲೆ ಇಟ್ಟುಕೊಂಡು ನಾನು ಅನ್ನ ಸಾರು ಮಾಡುತ್ತಿದ್ದೆ, ಹೋಗಿ ಬರುವವರೆಲ್ಲ ಸಾರಿನ ಬಣ್ಣ ನೋಡಿ ಅಭಿಪ್ರಾಯ ಹೇಳುತ್ತಿದ್ದರು.

ತೇಗದ ಕಪಾಟನ್ನು ಖಾಲಿ ಮಾಡುವಾಗ ನಾನೂ ಅತ್ತೆಯೂ ಇಬ್ಬರೇ ಇದ್ದೆವು. ಬಾಗಿಲು ತೆಗೆಯಲು ನಾನು ಕೈ ಹಾಕಿದ ಕೂಡಲೇ ಅತ್ತೆ, "ಒಂದು ಸಲ ತೆಗೆದು ಹಾಗೇ ಬಿಡೇ, ಮತ್ತೆ ಮತ್ತೆ ಮುಚ್ಬೇಡ" ಎಂದರು. ನಾನು ತೆಗೆದೆ. ಮಾವನವರು ಹೇಳುವುದನ್ನು ಹೇಳಿದರು. ಅತ್ತೆ ಆ ಮಾತು ಮುಗಿಯುವವರೆಗೆ ಕೊಡೆ ಇಲ್ಲದವರು ಸೂರಿನ ಕೆಳಗೆ ನಿಲ್ಲುವ ಹಾಗೆ ಗೋಡೆಗೆ ಒತ್ತಿ ನಿಂತಿದ್ದು, ಆಮೇಲೆ ಬಂದು ಡಬ್ಬಗಳಿಗೆ ಕೈ ಚಾಚಿದರು. ಒಂದೊಂದನ್ನೂ ತಿರುಗಿಸಿ ನೋಡುತ್ತಿದ್ದರು, ಬೇರೆಯವರ ಮನೆಯ ಸಾಮಾನು ನೋಡುವ ಹಾಗೆ.

"ಇದ್ರಲ್ಲಿ ಏನೇನಿದೆ ಅಂತಾನೇ ನಂಗೆ ಗೊತ್ತಿಲ್ಲ ಕಣೇ" ಎಂದರು. "ನಾನು ಈ ಬಾಗ್ಲು ತೆಗೆದು ಎಷ್ಟು ವರ್ಷ ಆಯ್ತೋ!"

ನನಗೆ ಆಗ ಹೊಳೆಯಿತು. ಅತ್ತೆ ಸಕ್ಕರೆಯನ್ನು ದೇವರ ಗೂಡಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಉಪ್ಪು ಕಿಟಕಿಯಲ್ಲಿ, ಮೆಣಸಿನಪುಡಿ ಒಲೆಯ ಹಿಂದೆ. ಕಪಾಟಿನಿಂದ ಏನಾದರೂ ಬೇಕಾದರೆ, ಎದುರಿಗೇ ನಿಂತಿದ್ದರೂ, "ಶಶಿ, ಸ್ವಲ್ಪ ತೆಗೆದುಕೊಡೇ" ಎಂದು ನನ್ನನ್ನು ಪಡಸಾಲೆಯಿಂದ ಕರೆಯುತ್ತಿದ್ದರು. ಅತ್ತೆಯ ದರ್ಬಾರು ಎಂದು ನಾನು ನನ್ನ ತಂಗಿಯ ಹತ್ತಿರ ಫೋನಿನಲ್ಲಿ ಹೇಳಿಕೊಂಡು ನಕ್ಕಿದ್ದೇನೆ. ನಮ್ಮವರು ಚಿಕ್ಕವರಿದ್ದಾಗ ಅವರಿಂದ ತೆಗೆಸುತ್ತಿದ್ದರಂತೆ, ಅದಕ್ಕೂ ಮುಂಚೆ ಪಕ್ಕದ ಮನೆಯವರಿಂದ.

"ಹೊಸದ್ರಲ್ಲೂ ಇದೇ ಬರುತ್ತಂತಲ್ಲ" ಎಂದರು ಅತ್ತೆ, ಹೆಸರುಕಾಳಿನ ಡಬ್ಬ ಒರೆಸುತ್ತಾ.

"ನಿಮಗೆ ಬೇಡ್ವಾ ಅತ್ತೆ?"

"ಬೇಡ."

ಅವರ ಬಾಯಿಂದ ಆ ಪದ ಅಷ್ಟು ಸ್ಪಷ್ಟವಾಗಿ ನಾನು ಕೇಳಿರಲಿಲ್ಲ. ಊಟಕ್ಕೆ ಕೂತಾಗ ಸಾಕು ಎನ್ನುವುದನ್ನೂ ಅವರು ಕೈ ಅಡ್ಡ ಹಿಡಿದೇ ಹೇಳುತ್ತಿದ್ದರು. "ಅವರು ಕೆಟ್ಟೋರಲ್ಲ ಕಣೇ" ಎಂದು ಡಬ್ಬ ಪಕ್ಕಕ್ಕಿಟ್ಟು ತಾವೇ ಹೇಳಿದರು. "ಆಮೇಲೆ ಎಷ್ಟೋ ಸಲ ನನ್ನ ಮಾತು ಕೇಳಿದ್ದಾರೆ. ಸೀರೆ ತಂದುಕೊಟ್ಟಿದ್ದಾರೆ, ಕಾಯಿಲೆ ಬಿದ್ದಾಗ ಗಂಜಿ ಕಾಯಿಸಿಕೊಟ್ಟಿದ್ದಾರೆ. ಅದ್ಯಾವುದೂ ಕಪಾಟಿನ ಒಳಗೆ ಹೋಗ್ಲಿಲ್ಲ. ಇದೊಂದು ಹೋಯ್ತು. ಅವರು ಹೋದ್ರು, ಇದು ಹೋಗ್ಲಿಲ್ಲ. ನಾನಿರೋವರೆಗೂ ನಂಗೇನೂ ಗೊತ್ತಾಗಲ್ಲ ಅಂತಾನೇ ಕೇಳಿಸ್ಕೊಂಡು ಇರ್ಬೇಕಾ?"

ಅಂದು ಸಂಜೆಯೇ ನಮ್ಮವರಿಗೆ ಹೇಳಿದೆ. ಅತ್ತೆಗೆ ಇಷ್ಟವಿಲ್ಲ, ಹೊಸ ಕಪಾಟಿಗೆ ಬೇರೆ ಏನಾದರೂ ಮಾತು ಇರಲಿ ಎಂದೆ. ಅವರು ಪಾತ್ರೆಗಳ ನಡುವೆ ದಾರಿ ಮಾಡಿಕೊಂಡು ಬಂದು, ನನ್ನನ್ನು ಕರುಣೆಯಿಂದ ನೋಡಿ, "ಅಮ್ಮನಿಗೆ ಅದೆಲ್ಲ ಏನು ಗೊತ್ತಾಗುತ್ತೆ ಶಶಿ? ಈಗ ಬೇಡ ಅಂತಾಳೆ, ಆಮೇಲೆ ಅಪ್ಪನ ದನಿ ಇಲ್ದೆ ಕೊರಗ್ತಾಳೆ. ನಲವತ್ತು ವರ್ಷದ ಅಭ್ಯಾಸ ಅದು" ಎಂದರು. ನಮ್ಮವರು ಒಳ್ಳೆಯವರೇ. ನನಗೆ ಮೈಗ್ರೇನ್ ಬಂದರೆ ರಾತ್ರಿಯೆಲ್ಲ ತಲೆ ಒತ್ತುತ್ತಾರೆ. ಆದರೆ ಅವರ ಕಿವಿಗೆ ಬೀಳುವುದು ಬಹಳ ಹಿಂದೆ ಬಿದ್ದ ಮಾತುಗಳು ಮಾತ್ರ.

ಮೌನೇಶಾಚಾರಿ ತಮ್ಮ ಜೊತೆಗಾರ ಇಲಿಯಾಸನ ಜೊತೆ ಇನ್ನೂ ಬಾಗಿಲು ಹಾಕದ ಪ್ಲೈವುಡ್ ಡಬ್ಬಿಗಳನ್ನು ಹೊತ್ತುಕೊಂಡು ಬಂದರು. ಮೊದಲ ದಿನಗಳು ಡ್ರಿಲ್ಲಿನ ಗಲಾಟೆ. ಗೋಡೆ ನೇರವಾಗಿಲ್ಲ ಎಂದು ಆಚಾರಿಯವರು ರಸಮಟ್ಟ ಇಟ್ಟು ತೋರಿಸಿದರು, ಈ ಊರಿನಲ್ಲಿ ಯಾವ ಗೋಡೆ ನೇರವಾಗಿದೆ ಎಂದು ಇಲಿಯಾಸ್ ಕೇಳಿದ. ಬರೀ ಡಬ್ಬಿ ಕೂರಿಸುವಾಗ ಎಷ್ಟು ಮಾತಾಡಿದರೂ ಅಪಾಯವಿಲ್ಲವಾದ್ದರಿಂದ ಅವರಿಬ್ಬರೂ ಮುಂದೆ ಬೇಕಾಗುವ ಮೌನವನ್ನು ಮೊದಲೇ ಸರಿದೂಗಿಸಿಕೊಳ್ಳುವ ಹಾಗೆ ಮಾತಾಡುತ್ತಿದ್ದರು. ಧೂಳು ಎಲ್ಲಿಗೆ ಹೋಗಬಾರದೋ ಅಲ್ಲಿಗೆಲ್ಲ ಹೋಯಿತು. ಮೊಸರಿನಲ್ಲಿ ಮರದ ಪುಡಿ ಕಂಡಾಗ ನಮ್ಮವರು ಅದನ್ನು ಜೀರಿಗೆ ಎಂದುಕೊಂಡು ತಿಂದರು. ಹಳೆಯ ಕಪಾಟನ್ನು ಚೌಕಟ್ಟಿನ ಸಮೇತ ಕಿತ್ತು, ಹೊಸದು ಬರುವ ಜಾಗದ ಎದುರಿಗೆ, ಬಾಗಿಲ ಪಕ್ಕದ ಗೋಡೆಗೆ ಒರಗಿಸಿ ನಿಲ್ಲಿಸಿದರು. ಅದು ಅಲ್ಲಿಂದ ಇಡೀ ಕೆಲಸದ ಮೇಲ್ವಿಚಾರಣೆ ಮಾಡುತ್ತಿರುವಂತೆ ಕಾಣುತ್ತಿತ್ತು.

ಬಾಗಿಲು ಕೂರಿಸುವ ದಿನ ನಮ್ಮವರು ಬೆಳಿಗ್ಗೆಯೇ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಗೇಟಿಗೆ ಕೆಂಪು ಬಟ್ಟೆ ಕಟ್ಟಿದರು. ಮೌನೇಶಾಚಾರಿ ಎಲ್ಲರನ್ನೂ ನಿಲ್ಲಿಸಿಕೊಂಡು, "ಯಾರಿಗಾದ್ರೂ ನೆಗಡಿ, ಕೆಮ್ಮು, ಬಿಕ್ಕಳಿಕೆ? ಹಲ್ಲಿ ಕಂಡ್ರೆ ಹೆದರೋರು ಯಾರಾದ್ರೂ ಇದ್ದೀರಾ?" ಎಂದು ವಿಚಾರಿಸಿದರು. ಬಾಗಿಲು ಹಿಂಜಿಗೆ ಕೂತ ಕೂಡಲೇ ತಾವು ಕೈ ಎತ್ತುವುದಾಗಿ, ಸಂದು ಸರಿಹೋಗುವವರೆಗೆ ಸ್ಕ್ರೂ ತಿರುಗಿಸುತ್ತಾ ಇರುವುದಾಗಿ, ಆಮೇಲೆ ತಲೆ ಆಡಿಸಿದಾಗ ಹೇಳಬೇಕಾದವರು ಹೇಳಬೇಕೆಂದು, ಹೇಳಿದ ತಕ್ಷಣ ಬಾಗಿಲು ಮುಚ್ಚಬೇಕೆಂದು ವಿವರಿಸಿದರು. ಏನೂ ಹೇಳದೆ ಮುಚ್ಚುವ ಹಾಗಿಲ್ಲ. ಮೂಕ ಕಪಾಟು ಮನೆಗೆ ಆಗಿಬರುವುದಿಲ್ಲ ಎಂದು ಊರಿನಲ್ಲಿ ನಂಬಿಕೆ.

ಮೇಲಿನ ಲೋಟಗಳ ಕಪಾಟನ್ನು ದಾಕ್ಷಾಯಣಮ್ಮನವರು ಕೇಳಿ ಪಡೆದಿದ್ದರು. ಆಚಾರಿ ತಲೆ ಆಡಿಸಿದ ಕೂಡಲೇ "ನೂರ್ಕಾಲ ಬಾಳಿ" ಎಂದು ಚೆನ್ನಾಗಿಯೇ ಹೇಳಿದರು, ಆದರೆ ಖುಷಿಯಲ್ಲಿ ಕೆಮ್ಮಿಬಿಟ್ಟರು. ನಮ್ಮ ಲೋಟಗಳ ಕಪಾಟು ಈಗ ಮೊದಲು ಹರಸುತ್ತದೆ, ಆಮೇಲೆ ಎದೆ ಕಿತ್ತು ಬರುವ ಹಾಗೆ ಕೆಮ್ಮುತ್ತದೆ. ಅವರನ್ನು ಉಪಾಯವಾಗಿ ಅವರ ಮನೆಗೆ ಕಳಿಸಿಕೊಟ್ಟೆವು. ನನ್ನ ಪಾಲಿಗೆ ಬಂದದ್ದು ಸಿಂಕಿನ ಕೆಳಗಿನದು, ಕಸದ ಬುಟ್ಟಿ ಇಡುವ ಜಾಗ. ಇಷ್ಟು ವರ್ಷ ಈ ಅಡುಗೆಮನೆಯಲ್ಲಿ ದುಡಿದು ನನಗೆ ಸಿಕ್ಕ ಸ್ಥಾನ ಅದು ಎಂದು ಮನಸ್ಸಿನಲ್ಲೇ ಅಂದುಕೊಂಡು, "ಕೈ ತೊಳ್ಕೊಳ್ಳಿ" ಎಂದೆ. ನಮ್ಮವರು ಉದಾರವಾಗಿ, "ಅಮ್ಮ, ಮಸಾಲೆ ಕಪಾಟಿಗೆ ನೀನೇನಾದ್ರೂ ಹೇಳು" ಎಂದರು. "ನಂಗೇನಿದೆಯಪ್ಪ ಹೇಳೋಕೆ" ಎಂದರು ಅತ್ತೆ. ಅದಕ್ಕೆ ಇಲಿಯಾಸನಿಂದ "ಜೋಪಾನ" ಎಂದು ಹೇಳಿಸಿ ಮುಚ್ಚಿದೆವು.

ಕೊನೆಗೆ ಉಳಿದದ್ದು ದೊಡ್ಡದು. ಇಲಿಯಾಸ್ ಬಾಗಿಲನ್ನು ಎತ್ತಿ ಹಿಡಿದ, ಆಚಾರಿ ಹಿಂಜನ್ನು ಒತ್ತಿದರು, ಟಿಕ್ ಎಂದು ಕೂತಿತು. ಆಚಾರಿಯ ಕೈ ಮೇಲೆದ್ದಿತು. ಎಲ್ಲರೂ ಸ್ತಬ್ಧ. ಬಾಗಿಲು ಈ ಸಲ ಗೋಡೆಯ ಕಡೆಗೆ ತೆರೆದುಕೊಂಡಿತ್ತು, ಕಿಟಕಿಯ ಬೆಳಕು ನೇರವಾಗಿ ಒಲೆಯ ಕಟ್ಟೆಯ ಮೇಲೆ ಬೀಳುತ್ತಿತ್ತು. ಅತ್ತೆ ಅಡುಗೆಮನೆಯ ಹೊಸ್ತಿಲ ಹತ್ತಿರ ಮಣೆ ಹಾಕಿಕೊಂಡು ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಸಂದು ಸರಿಹೋದ ಮೇಲೆ ಆಚಾರಿ ತಲೆ ಆಡಿಸಿದರು. ನಮ್ಮವರು ಪಂಚೆ ಸರಿಮಾಡಿಕೊಂಡು, ಹಳೆಯ ಕಪಾಟಿನ ಹತ್ತಿರ ಹೋಗಿ, ಒಂದು ಸಲ ಕೈ ಮುಗಿದು, ಹಿಡಿ ಹಿಡಿದು ಎಳೆದರು.

ಬರಲಿಲ್ಲ. ಇನ್ನೊಮ್ಮೆ ಎಳೆದರು. ಬೀಗ ಹಾಕಿತ್ತು. ಆ ಕಪಾಟಿಗೆ ಬೀಗ ಎಂಬುದೊಂದು ಇದೆ ಎಂದೇ ನಾವೆಲ್ಲ ಮರೆತಿದ್ದೆವು.

ನಮ್ಮವರು ನನ್ನ ಕಡೆ ತಿರುಗಿ ಬೆರಳುಗಳಿಂದ ಗಾಳಿಯಲ್ಲಿ ಬೀಗ ತಿರುಗಿಸಿದರು. ನಾನು ಎರಡು ಕೈಯನ್ನೂ ಬಿಚ್ಚಿ ತೋರಿಸಿದೆ. ಇಲಿಯಾಸನನ್ನು ನೋಡಿದರು, ಅವನು ಜೇಬು ತಟ್ಟಿ ತೋರಿಸಿದ, ಬರೀ ಸ್ಕ್ರೂಗಳ ಸದ್ದು. ಕೊನೆಗೆ ಅತ್ತೆಯನ್ನು ನೋಡಿದರು. ಅತ್ತೆ ಅವರೆಕಾಯಿಯಿಂದ ತಲೆ ಎತ್ತದೆ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬೀಗದ ಕೈಯನ್ನು ತಟ್ಟಿದರು. ನಮ್ಮವರಿಗೆ ಜೀವ ಬಂತು. ಹತ್ತಿರ ಹೋಗಿ ಅಂಗೈ ಚಾಚಿದರು. ಅತ್ತೆ ಆ ಅಂಗೈಯಲ್ಲಿ ಒಂದು ಹಿಡಿ ಅವರೆಕಾಳು ಹಾಕಿದರು.

ನನಗೆ ನಗು ಬಂತು. ನಕ್ಕರೆ ಅದು ಶಾಶ್ವತವಾಗಿ ಕಪಾಟಿನಲ್ಲಿ ಉಳಿಯುತ್ತದೆ ಎಂದು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಇಲಿಯಾಸ್ ಗೋಡೆಯ ಕಡೆ ತಿರುಗಿ ನಿಂತಿದ್ದ, ಅವನ ಭುಜ ಕುಣಿಯುತ್ತಿತ್ತು. ನಮ್ಮವರು ಕಾಳನ್ನು ಪಾತ್ರೆಗೆ ಸುರಿದು ಮತ್ತೆ ಕೈ ಚಾಚಿದರು. ಅತ್ತೆ ತಲೆ ಅಲ್ಲಾಡಿಸಿದರು. ನಮ್ಮವರು ಪಡಸಾಲೆಯ ಗೋಡೆಯ ಮೇಲಿದ್ದ ಮಾವನವರ ಫೋಟೋ ಕಡೆ ಬೆರಳು ತೋರಿಸಿದರು, ಎದೆ ಮುಟ್ಟಿಕೊಂಡರು, ಹಳೆಯ ಕಪಾಟು ತೋರಿಸಿದರು, ಹೊಸದನ್ನು ತೋರಿಸಿದರು, ಕಣ್ಣಲ್ಲಿ ನೀರು ತಂದುಕೊಂಡರು. ಮಾತಾಡಬಾರದ ಹೊತ್ತಿನಲ್ಲಿ ನಮ್ಮವರು ಇಷ್ಟು ಚೆನ್ನಾಗಿ ತಮ್ಮ ಮನಸ್ಸು ಹೇಳಬಲ್ಲರು ಎಂದು ನನಗೆ ಗೊತ್ತಿರಲಿಲ್ಲ. ಅತ್ತೆ ಫೋಟೋವನ್ನೂ ನೋಡಿದರು, ಮಗನ ಮುಖವನ್ನೂ ನೋಡಿದರು. ಆಮೇಲೆ ಇನ್ನೊಮ್ಮೆ, ನಿಧಾನವಾಗಿ, ತಲೆ ಅಲ್ಲಾಡಿಸಿದರು. ಆಚಾರಿ ಗಾಬರಿಯಿಂದ ಬೇಗ ಬೇಗ ಎಂದು ಕೈ ತಿರುಗಿಸುತ್ತಿದ್ದರು. ಹೊರಗೆ ಬೀದಿಯಲ್ಲಿ ಯಾರಾದರೂ ಸೈಕಲ್ಲಿನಿಂದ ಬಿದ್ದು ಕೂಗಿಕೊಂಡರೆ ಮುಗಿಯಿತಲ್ಲ.

ಅತ್ತೆ ಮಡಿಲಿನ ಸಿಪ್ಪೆ ಕೊಡವಿ ಎದ್ದರು. ನೇರವಾಗಿ ಹೊಸ ಕಪಾಟಿನ ಹತ್ತಿರ ಬಂದು ಬಾಗಿಲಿಗೆ ಕೈ ಇಟ್ಟರು. ಏನೂ ಹೇಳದೆ ಮುಚ್ಚಲು ಹೊರಟಿದ್ದಾರೆ ಎಂದು ನಮಗೆಲ್ಲ ಆಗ ಅರ್ಥವಾಯಿತು. ಮೂಕ ಕಪಾಟು. ಮೌನೇಶಾಚಾರಿ ಕಣ್ಣು ಮುಚ್ಚಿಕೊಂಡರು. ನಮ್ಮವರು ಮುಖ ಕೆಂಪಾಗಿ, ಕುತ್ತಿಗೆಯ ನರ ಉಬ್ಬಿ, ಕಾಲು ನೆಲಕ್ಕೆ ಅಪ್ಪಳಿಸಿ, ಬಾಯಿ ಬಿಟ್ಟೇಬಿಟ್ಟರು.

"ಅಮ್ಮಾ..."

ಧಡ್ ಎಂದು ಬಾಗಿಲು ಮುಚ್ಚಿತು.

"...ನಿಂಗೇನು ಗೊತ್ತಾಗುತ್ತೆ? ಸುಮ್ನಿರು!"

ನಾವು ನಾಲ್ಕೂ ಜನ ಒಟ್ಟಿಗೆ ಹಳೆಯ ಕಪಾಟಿನ ಕಡೆ ತಿರುಗಿದೆವು. ನಮ್ಮವರೂ ತಿರುಗಿದರು. ಅದೇ ದನಿ, ಕೊನೆಯಲ್ಲಿ ಅದೇ ಎಳೆತ. ಆದರೆ ಹಳೆಯ ಕಪಾಟಿಗೆ ಬೀಗ ಹಾಕಿತ್ತು, ಬೀಗದ ಕೈ ಅತ್ತೆಯ ಸೊಂಟದಲ್ಲಿತ್ತು. ನಮ್ಮವರ ಬಾಯಿ ಇನ್ನೂ ತೆರೆದೇ ಇತ್ತು. ಅವರು ಮೆಲ್ಲಗೆ ಅದನ್ನು ಮುಚ್ಚಿಕೊಂಡು, ಕೈಯಿಂದ ಒಂದು ಸಲ ಮುಟ್ಟಿ ನೋಡಿಕೊಂಡರು. ಇಲಿಯಾಸ್ ರಸಮಟ್ಟವನ್ನು ಎತ್ತಿಕೊಂಡು ಅದರೊಳಗಿನ ಗುಳ್ಳೆಯನ್ನು ಬಹಳ ಗಮನವಿಟ್ಟು ನೋಡತೊಡಗಿದ.

"ಅಷ್ಟು ಹೊರಗೇ ಉಳೀತು ಬಿಡು" ಎಂದರು ಅತ್ತೆ. ಹೊಸ ಬಾಗಿಲನ್ನು ಮತ್ತೆ ತೆಗೆದರು.

"ಅಮ್ಮಾ" ಎಂದಿತು ಕಪಾಟು.

"ಏನಪ್ಪಾ?" ಎಂದರು ಅತ್ತೆ.

ನಮ್ಮವರು ಜಗಲಿಗೆ ಹೋಗಿ ಬಹಳ ಹೊತ್ತು ಒಬ್ಬರೇ ಕೂತಿದ್ದು, ಆಮೇಲೆ ಗೇಟಿನ ಕೆಂಪು ಬಟ್ಟೆ ಬಿಚ್ಚಿಕೊಂಡು ಬಂದರು.

ಹಳೆಯ ಕಪಾಟನ್ನು ದಾಕ್ಷಾಯಣಮ್ಮನವರು ಗಾಡಿ ತರಿಸಿಕೊಂಡು ಹೊತ್ತುಕೊಂಡು ಹೋದರು. ಬೀಗದ ಕೈಯನ್ನು ಅತ್ತೆಯೇ ಅರಿಸಿನ ಕುಂಕುಮದ ಜೊತೆ ತಟ್ಟೆಯಲ್ಲಿಟ್ಟು ಕೊಟ್ಟರು. ಗೆದ್ದಲು ಸಮೇತ ಅದೀಗ ಅವರ ಪಡಸಾಲೆಯಲ್ಲಿದೆ, ದಿನಾ ಅಣ್ಣನ ದನಿ ಕೇಳಿ ಅವರು ದಿನಾ ಅಳುತ್ತಾರಂತೆ. ಅವರ ಮನೆಯಲ್ಲಿ ಪಾರ್ವತಿ ಎಂಬವರು ಯಾರೂ ಇಲ್ಲದ್ದರಿಂದ ತೊಂದರೆಯಿಲ್ಲ.

ನಮ್ಮ ಹೊಸ ಅಡುಗೆಮನೆ ನೋಡಲು ಬೀದಿಯೆಲ್ಲ ಬಂದಿತು. ಎಲ್ಲರೂ ಬಾಗಿಲುಗಳನ್ನು ತೆಗೆದು ಮುಚ್ಚಿ ಮಾಡಿದರು. ಕೆಮ್ಮಿಗೆ ನಕ್ಕರು, ಸಿಂಕಿನ ಕೆಳಗಿನದಕ್ಕೆ ಹುಬ್ಬು ಹಾರಿಸಿದರು. ದೊಡ್ಡ ಕಪಾಟು ತೆಗೆದಾಗ ಮಾತ್ರ ಹೆಂಗಸರು ಕಣ್ಣು ಒರೆಸಿಕೊಂಡರು. "ನೋಡ್ರೀ, ಗಂಡು ಮಗ ಅಂದ್ರೆ ಹೀಗಿರ್ಬೇಕು. ಬೇರೆ ಏನೂ ಬೇಕಾಗಿಲ್ಲ ಅವನಿಗೆ, ಬರೀ ಅಮ್ಮಾ ಅಂದಿದ್ದಾನೆ" ಎಂದು ನಮ್ಮವರನ್ನು ಹೊಗಳಿದರು. ಪಕ್ಕದ ಬೀದಿಯಲ್ಲಿ ಇಬ್ಬರು ಗಂಡಸರು ತಮ್ಮ ಮನೆಯ ಕಪಾಟಿಗೂ ಹಾಗೆಯೇ ಹೇಳಬೇಕೆಂದು ಅಭ್ಯಾಸ ಮಾಡಿದರಂತೆ, ಆದರೆ ಆ ಕಂಪನ ಬರಲಿಲ್ಲವಂತೆ. ಮೊದಲು ಇಂಥ ಮಾತು ಬಂದಾಗ ನಮ್ಮವರು ಎದ್ದು ಒಳಗೆ ಹೋಗುತ್ತಿದ್ದರು. ಈಚೆಗೆ ಹೋಗುವುದಿಲ್ಲ. ಮೊನ್ನೆ ನೆಂಟರ ಮುಂದೆ, "ಏನು ಹೇಳೋದು ಅಂತ ಮೊದಲು ಬಹಳ ಯೋಚಿಸಿದ್ದೆ. ಆ ಗಳಿಗೆಗೆ ಮನಸ್ಸಿಗೆ ಬಂದದ್ದು ಅದೊಂದೇ ಪದ" ಎಂದು ವಿನಯದಿಂದ ಹೇಳಿದರು. ನಾನು ಕಾಫಿ ಲೋಟ ಹಿಡಿದುಕೊಂಡು ಅವರ ಮುಖ ನೋಡಿದೆ. ಸುಳ್ಳು ಹೇಳುವವರ ಮುಖ ಅದಾಗಿರಲಿಲ್ಲ.

ಅತ್ತೆ ಈಗ ನನ್ನನ್ನು ಪಡಸಾಲೆಯಿಂದ ಕರೆಯುವುದಿಲ್ಲ. ಎಲ್ಲ ಡಬ್ಬಗಳನ್ನೂ ದೊಡ್ಡ ಕಪಾಟಿನಲ್ಲಿ ತಮಗೆ ಬೇಕಾದ ಹಾಗೆ ಜೋಡಿಸಿಕೊಂಡಿದ್ದಾರೆ, ನಾನು ಒಂದನ್ನು ಜರುಗಿಸಿದರೂ ಗೊತ್ತಾಗುತ್ತದೆ. ದಿನಕ್ಕೆ ಹತ್ತಾರು ಸಲ ಅವರೇ ಬಾಗಿಲು ತೆಗೆಯುತ್ತಾರೆ. "ಅಮ್ಮಾ" ಎನ್ನುತ್ತದೆ ಕಪಾಟು. "ಏನಪ್ಪಾ" ಎನ್ನುತ್ತಾರೆ ಅತ್ತೆ. ಹಾಗೆಂದು ಬಾಗಿಲ ಹಿಡಿ ಬಿಡದೆ, ಕಿವಿ ಕೊಟ್ಟು, ಒಂದು ಗಳಿಗೆ ನಿಲ್ಲುತ್ತಾರೆ. ಮುಂದಕ್ಕೆ ಏನೂ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕೈ ಒಳಗೆ ಹಾಕಿ ಕಾಫಿಪುಡಿಯ ಡಬ್ಬ ತೆಗೆದುಕೊಳ್ಳುತ್ತಾರೆ.